ಸವಕಳಿ ಬರೆದಿಡಿ: ಮುಸಫ್ಫಾದ ಗ್ಯಾರೇಜಿನಿಂದ ಊರಿನ ಮಳಿಗೆವರೆಗೆ 12 ಸೂತ್ರಗಳು

ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ಒಂದು ಚಹಾದಂಗಡಿಯಲ್ಲಿ ಕುಂದಾಪುರ ಕಡೆಯ ಹಿರಿಯರೊಬ್ಬರು ನನ್ನ ಮುಂದೆ ಪ್ಲಾಸ್ಟಿಕ್ ಚೀಲವೊಂದನ್ನು ಸುರಿದರು. ಪಕ್ಕದ ಮುಸಫ್ಫಾ ಕೈಗಾರಿಕಾ ಪ್ರದೇಶದಲ್ಲಿ ಅವರದೊಂದು ಗ್ಯಾರೇಜು. ಕಾರು ಎತ್ತುವ ಲಿಫ್ಟು, ಕಂಪ್ರೆಸರ್, ಟೈರು ಬಿಚ್ಚುವ ಯಂತ್ರ, ಒಂದು ರಿಕವರಿ ಟ್ರಕ್ಕು, ಎಲ್ಲದರ ಬಿಲ್ಲೂ ಆ ಚೀಲದಲ್ಲಿತ್ತು. ಆದರೆ ಅರ್ಧಕ್ಕರ್ಧ ಚೀಟಿಗಳಲ್ಲಿ ಅಕ್ಷರವೇ ಉಳಿದಿರಲಿಲ್ಲ. ಥರ್ಮಲ್ ಕಾಗದದ ಅಚ್ಚು ಇಲ್ಲಿನ ಸೆಕೆಗೆ ಹಾರಿಹೋಗಿ ಬರೀ ಬಿಳಿ ಪಟ್ಟಿಗಳಾಗಿದ್ದವು. "ಆಗ ಟ್ಯಾಕ್ಸೇ ಇರ್ಲಿಲ್ವಲ್ಲ, ಯಾರಿಗೆ ಬೇಕಿತ್ತು ಇದೆಲ್ಲ?" ಅಂದರು.

ಅವರ ಮಾತು ಸುಳ್ಳಲ್ಲ. ಸಂಯುಕ್ತ ಅರಬ್ ಎಮಿರೇಟ್ಸ್ ಸರ್ಕಾರದ 2022ರ 47ನೇ ಫೆಡರಲ್ ಕಾನೂನು ಬರುವವರೆಗೆ ಇಲ್ಲಿನ ಸಾಮಾನ್ಯ ಉದ್ದಿಮೆಗೆ ಲಾಭದ ಮೇಲೆ ತೆರಿಗೆ ಇರಲಿಲ್ಲ. 1 ಜೂನ್ 2023 ಅಥವಾ ಆಮೇಲೆ ಶುರುವಾದ ಲೆಕ್ಕವರ್ಷದಿಂದ 3,75,000 ದಿರ್ಹಮ್ ಮೀರಿದ ಲಾಭಕ್ಕೆ 9% ಕಾರ್ಪೊರೇಟ್ ತೆರಿಗೆ ಬಂತು. ಅದರೊಂದಿಗೆ ನಮ್ಮವರ ಬದುಕಿಗೆ ಒಂದು ಹಳೆಯ ಪದವೂ ವಾಪಸು ಬಂತು: ಸವಕಳಿ. ಎರಡು ಲಕ್ಷ ಕೊಟ್ಟು ಯಂತ್ರ ತಂದ ದಿನವೇ ಎರಡು ಲಕ್ಷ ಖರ್ಚಾಯಿತು ಅಂತ ಬರೆಯುವಂತಿಲ್ಲ. ಅದು ದುಡಿದು ಸವೆಯುವ ವರ್ಷಗಳಿಗೆ ಆ ಮೊತ್ತವನ್ನು ಹಂಚಬೇಕು. ಆಯಾ ವರ್ಷದ ಪಾಲು ಆಯಾ ವರ್ಷದ ಲಾಭದಿಂದ ಕಳೆಯುತ್ತದೆ. ಇಲ್ಲಿ ಅಂಗಡಿ ನಡೆಸುವ ಕನ್ನಡಿಗರು ಬಂಡವಾಳ, ಬಾಡಿಗೆ, ಸಂಬಳವನ್ನೆಲ್ಲ ಬೆರಳ ತುದಿಯಲ್ಲಿ ಇಟ್ಟುಕೊಂಡಿರುತ್ತಾರೆ. ನಾನು ಕಂಡಂತೆ ಅವರು ಕಳೆದುಕೊಳ್ಳುವುದು ಈ ಒಂದು ಲೆಕ್ಕದಲ್ಲಿ, ಅದೂ ಬರೆದಿಡದ ಒಂದೇ ಕಾರಣಕ್ಕೆ.

1. ಮೊದಲು ನಿಮಗಿದು ಬೇಕೇ ನೋಡಿ

ಸಂಬಳಕ್ಕೆ ದುಡಿಯುವವರಿಗೆ ಇಲ್ಲಿ ಆದಾಯ ತೆರಿಗೆಯಿಲ್ಲ. ನರ್ಸ್ ಒಬ್ಬರು ರೀಮ್ ದ್ವೀಪದಲ್ಲಿ ಸ್ವಂತ ಹೆಸರಿನಲ್ಲಿ ಫ್ಲ್ಯಾಟ್ ಕೊಂಡು ಬಾಡಿಗೆಗೆ ಕೊಟ್ಟರೆ, ಅದಕ್ಕೆ ಲೈಸೆನ್ಸ್ ಬೇಕಾಗದಿರುವವರೆಗೆ ಆ ಬಾಡಿಗೆಯೂ ಕಾರ್ಪೊರೇಟ್ ತೆರಿಗೆಯ ಹೊರಗೇ ಉಳಿಯುತ್ತದೆ. ತೆರಿಗೆ ಇಲ್ಲದ ಕಡೆ ಸವಕಳಿ ಕಳೆಯುವ ಮಾತೂ ಇಲ್ಲ. ಸ್ವಂತ ಲೈಸೆನ್ಸಿನಲ್ಲಿ ವ್ಯಾಪಾರ ಮಾಡುವ ವ್ಯಕ್ತಿಯ ವಹಿವಾಟು ಒಂದು ಕ್ಯಾಲೆಂಡರ್ ವರ್ಷದಲ್ಲಿ 10 ಲಕ್ಷ ದಿರ್ಹಮ್ ದಾಟಿದರೆ ಮಾತ್ರ ಅವರು ತೆರಿಗೆಯ ಒಳಗೆ ಬರುತ್ತಾರೆ. ಕಂಪನಿಗೆ ಈ ವಿನಾಯಿತಿ ಇಲ್ಲ. ಲಾಭ ಇರಲಿ ಬಿಡಲಿ, ನೋಂದಣಿ ಆಗಲೇಬೇಕು. ತಡವಾದರೆ 10,000 ದಿರ್ಹಮ್ ದಂಡ.

2. ದರಪಟ್ಟಿ ಹುಡುಕುತ್ತಾ ಕೂರಬೇಡಿ

ಊರಿನಿಂದ ಬಂದ ಪ್ರತಿಯೊಬ್ಬರೂ ಮೊದಲು ಕೇಳುವುದು, "ಕಂಪ್ಯೂಟರಿಗೆ ಇಲ್ಲಿ ಎಷ್ಟು ಪರ್ಸೆಂಟು?" ಭಾರತದಲ್ಲಿ ಸರ್ಕಾರವೇ ದರ ಹೇಳುತ್ತದೆ. ಎಮಿರೇಟ್ಸ್‌ನ ಕಾನೂನಿನಲ್ಲಿ ಯಂತ್ರ, ಪೀಠೋಪಕರಣ, ವಾಹನ ಅಂತ ಅಂಥ ಪಟ್ಟಿಯೇ ಇಲ್ಲ. ಒಪ್ಪಿತ ಲೆಕ್ಕಪತ್ರ ಮಾನದಂಡದ ಪ್ರಕಾರ ನಿಮ್ಮ ಪುಸ್ತಕದಲ್ಲಿ ಯಾವ ಸವಕಳಿ ಬಂದಿದೆಯೋ, ತೆರಿಗೆಗೂ ಸಾಮಾನ್ಯವಾಗಿ ಅದೇ. ಮಾನದಂಡ ಎಂದರೆ ಅಂತರರಾಷ್ಟ್ರೀಯ ಹಣಕಾಸು ವರದಿ ಮಾನದಂಡವಾದ ಐಎಫ್‌ಆರ್‌ಎಸ್. ವಹಿವಾಟು 5 ಕೋಟಿ ದಿರ್ಹಮ್ ಮೀರದ ಉದ್ದಿಮೆ ಅದರ ಸಣ್ಣ ರೂಪವನ್ನು, ಅಂದರೆ ಚಿಕ್ಕ ಮತ್ತು ಮಧ್ಯಮ ಉದ್ದಿಮೆಗಳ ಮಾನದಂಡವನ್ನು, ಬಳಸಬಹುದು.

ಇದನ್ನು ಸಡಿಲಿಕೆ ಎಂದು ತಿಳಿದವರು ಎಡವುತ್ತಾರೆ. ದರ ಹೇಳುವ ಕೆಲಸವನ್ನು ಸರ್ಕಾರ ನಿಮಗೇ ಬಿಟ್ಟಿದೆ ಎಂದರೆ, ಆ ದರ ಏಕೆ ಸರಿ ಎಂದು ತೋರಿಸುವ ಹೊಣೆಯನ್ನೂ ನಿಮಗೇ ಬಿಟ್ಟಿದೆ.

3. ಕೊಂಡ ದಿನವೇ ಒಂದು ಸಾಲು

ಒಂದು ರಿಜಿಸ್ಟರು ಸಾಕು. ಸ್ವತ್ತಿನ ಹೆಸರು, ಸೀರಿಯಲ್ ನಂಬರು, ಕೊಂಡ ದಿನ, ಬಳಕೆಗೆ ಸಿದ್ಧವಾದ ದಿನ, ಬೆಲೆ, ಸಾಗಣೆ ಮತ್ತು ಜೋಡಣೆಯ ಖರ್ಚು, ಎಷ್ಟು ವರ್ಷ ಬಾಳೀತು, ಕೊನೆಗೆ ಮಾರಿದರೆ ಎಷ್ಟು ಬಂದೀತು. ಸಾಗಣೆ, ಜೋಡಣೆ, ಪರೀಕ್ಷೆಯ ಖರ್ಚೂ ಬೆಲೆಗೇ ಸೇರುತ್ತದೆ. ಇದನ್ನು ಮರೆಯುವವರೇ ಹೆಚ್ಚು.

ಲೆಕ್ಕ ಹೀಗೆ. ರಿಕವರಿ ಟ್ರಕ್ಕಿಗೆ 2,00,000 ದಿರ್ಹಮ್, ಬಾಳಿಕೆ 8 ವರ್ಷ, ಕೊನೆಯ ಬೆಲೆ 40,000 ಎಂದಿಟ್ಟುಕೊಳ್ಳಿ. ಹಂಚಬೇಕಾದ್ದು 1,60,000. ವರ್ಷಕ್ಕೆ 20,000 ಸವಕಳಿ. ನಿಮ್ಮ ಲಾಭ 3,75,000 ದಾಟಿದ್ದರೆ ಇದರಿಂದ ಉಳಿಯುವ ತೆರಿಗೆ ವರ್ಷಕ್ಕೆ 1,800. ಇದೊಂದೇ ನೋಡಿದರೆ ಸಣ್ಣದು. ಗ್ಯಾರೇಜಿನಲ್ಲಿ ಇಂಥ ಸ್ವತ್ತು ಇಪ್ಪತ್ತಿರುತ್ತವೆ.

ಬಿಲ್ಲು ಕೈಗೆ ಬಂದ ಕ್ಷಣ ಫೋನಿನಲ್ಲಿ ಫೋಟೊ ತೆಗೆಯಿರಿ. ಯಂತ್ರದ ಮೈಮೇಲಿನ ನಂಬರು ಫಲಕದ್ದೂ ಒಂದು. ದಾಖಲೆಗಳನ್ನು 7 ವರ್ಷ ಇಡಬೇಕೆಂದು ಕಾನೂನು ಹೇಳುತ್ತದೆ. ಥರ್ಮಲ್ ಕಾಗದ ಏಳು ಬೇಸಿಗೆ ಬಾಳುವುದಿಲ್ಲ.

4. ಆಯುಷ್ಯವನ್ನು ಇಲ್ಲಿನ ಬಿಸಿಲಿನಲ್ಲಿ ಅಳೆಯಿರಿ

ಕೊಯಮತ್ತೂರಿನಲ್ಲಿ ಹತ್ತು ವರ್ಷ ಓಡುವ ಕಂಪ್ರೆಸರ್ ಮುಸಫ್ಫಾದ ಶೆಡ್ಡಿನಲ್ಲಿ ಹತ್ತು ವರ್ಷ ಓಡಲೇಬೇಕೆಂದಿಲ್ಲ. ಬೇಸಿಗೆಯಲ್ಲಿ 45 ಡಿಗ್ರಿ ದಾಟುವ ಉರಿ, ಗಾಳಿಯಲ್ಲಿ ಮರಳು, ಸಮುದ್ರದ ಕಡೆಯ ಉಪ್ಪಿನ ತೇವ ಇವೆಲ್ಲ ಯಂತ್ರದ ಆಯುಷ್ಯವನ್ನು ತಿನ್ನುತ್ತವೆ. ಮಾನದಂಡ ಕೇಳುವುದೂ ಇದನ್ನೇ: ತಯಾರಕರ ಕೈಪಿಡಿಯಲ್ಲಿರುವ ಆಯುಷ್ಯ ಒಂದು, ನಿಮ್ಮ ಕೈಯಲ್ಲಿ ಅದು ಎಷ್ಟು ವರ್ಷ ಉಪಯೋಗಕ್ಕೆ ಬಂದೀತು ಎಂಬ ಅಂದಾಜು ಇನ್ನೊಂದು. ಲೆಕ್ಕಕ್ಕೆ ಬೇಕಾದ್ದು ಎರಡನೆಯದು.

ಹಿಂದಿನ ಯಂತ್ರ ಐದು ವರ್ಷಕ್ಕೆ ಗುಜರಿಗೆ ಹೋಗಿದ್ದರೆ ಆ ಗುಜರಿ ಚೀಟಿಯೇ ನಿಮ್ಮ ದೊಡ್ಡ ಸಾಕ್ಷಿ, ಎಸೆಯಬೇಡಿ. ತೆರಿಗೆ ಉಳಿಸಲೆಂದು ಎಂಟು ವರ್ಷದ ಟ್ರಕ್ಕಿಗೆ ಎರಡು ವರ್ಷ ಎಂದು ಬರೆದವರನ್ನೂ ನೋಡಿದ್ದೇನೆ. ಮೂರನೇ ವರ್ಷ ಪುಸ್ತಕದಲ್ಲಿ ಸೊನ್ನೆಯಾದ ಟ್ರಕ್ಕು ರಸ್ತೆಯಲ್ಲಿ ದುಡಿಯುತ್ತಿರುತ್ತದೆ. ಆ ಒಂದು ಸಾಲು ನಿಮ್ಮ ಉಳಿದೆಲ್ಲ ಸಾಲುಗಳ ಮೇಲೂ ಅನುಮಾನ ತರುತ್ತದೆ.

5. ನೆಲ ಸವೆಯುವುದಿಲ್ಲ

ನೆಲದ ಬೆಲೆ ಮತ್ತು ಕಟ್ಟಡದ ಬೆಲೆಯನ್ನು ಮೊದಲ ದಿನವೇ ಬೇರ್ಪಡಿಸಿ. ಕಟ್ಟಡಕ್ಕೆ ಸವಕಳಿ ಉಂಟು, ನೆಲಕ್ಕಿಲ್ಲ. ಇದು ಅಬುಧಾಬಿಯಲ್ಲೂ ಸರಿ, ಅಂಕೋಲಾದಲ್ಲೂ ಸರಿ. ಕಟ್ಟಡದೊಳಗೂ ಎಲ್ಲವೂ ಒಂದೇ ವೇಗದಲ್ಲಿ ಸವೆಯುವುದಿಲ್ಲ. ಕಾಂಕ್ರೀಟು ಹಲವು ದಶಕ ನಿಂತರೆ ಲಿಫ್ಟು ಮತ್ತು ತಂಪು ಯಂತ್ರ ಅದರ ಅರ್ಧವೂ ಬಾಳಲಿಕ್ಕಿಲ್ಲ. ದೊಡ್ಡ ಭಾಗಗಳನ್ನು ಬೇರೆ ಬೇರೆ ಸಾಲಿನಲ್ಲಿ ಬರೆದರೆ, ಲಿಫ್ಟು ಬದಲಿಸಿದ ವರ್ಷ ಹಳೆಯದರ ಉಳಿದ ಬೆಲೆಯನ್ನು ತೆಗೆದುಹಾಕುವುದು ಸುಲಭ.

6. ಬಾಡಿಗೆ ಮಳಿಗೆಗೆ ಸುರಿದ ಹಣ: ಇಲ್ಲಿ ಜಾಗ್ರತೆ

ಈ ಸೂತ್ರವನ್ನು ನಿಧಾನವಾಗಿ ಓದಿ, ಏಕೆಂದರೆ ನಮ್ಮವರ ಹಣ ಹೆಚ್ಚು ಸಿಕ್ಕಿಕೊಂಡಿರುವುದು ಇಲ್ಲಿಯೇ. ಅಬುಧಾಬಿಯಲ್ಲಿ ಹೊರದೇಶದವರು ಆಸ್ತಿ ಕೊಳ್ಳಲು ಯಾಸ್, ಸಾದಿಯಾತ್, ರೀಮ್, ರಾಹಾ ಬೀಚ್‌ನಂಥ ಹೂಡಿಕೆ ವಲಯಗಳಿಗೆ ಹೋಗಬೇಕು. ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ, ಶಾಬಿಯಾ ಬಡಾವಣೆಯಲ್ಲಿ ನಮ್ಮ ಹೋಟೆಲು, ಕ್ಲಿನಿಕ್, ಸಲೂನು, ಬಕಾಲಾ ಎಂಬ ಕಿರಾಣಿ ಅಂಗಡಿಗಳೆಲ್ಲ ಬಾಡಿಗೆ ಮಳಿಗೆಯಲ್ಲೇ ನಡೆಯುತ್ತವೆ. ಗೋಡೆ ನಮ್ಮದಲ್ಲ. ಗೋಡೆಗೆ ಹಚ್ಚಿದ ಟೈಲ್ಸು, ಅಡುಗೆಮನೆಯ ಹೊಗೆ ಕೊಳವೆ, ಫಾಲ್ಸ್ ಸೀಲಿಂಗ್, ಬೋರ್ಡು ನಮ್ಮ ದುಡ್ಡಿನದು.

2012ರ ಕೊನೆಯೊಳಗೆ ಬಕಾಲಾಗಳು ಹೊಸ ರೂಪ ಪಡೆಯಬೇಕೆಂದು ಅಬುಧಾಬಿಯಲ್ಲಿ ಆದೇಶವಾದಾಗ ಎಷ್ಟೋ ಸಣ್ಣ ಅಂಗಡಿಗಳು ಮುಚ್ಚಿದವು. ಉಳಿದವರು ಶೆಲ್ಫು, ಫ್ರಿಜ್ಜು, ನೆಲಹಾಸು ಎಂದು ಸಾಲ ಮಾಡಿ ಸುರಿದರು. ಅಂಥ ಖರ್ಚು ಈಗ ಬಂದರೆ ಅದಕ್ಕೆ ತೆರಿಗೆಯಲ್ಲಿ ಬೆಲೆಯಿದೆ.

ನಿಯಮ ಇದು: ಬಾಡಿಗೆ ಜಾಗದ ಒಳಾಂಗಣವನ್ನು ಅದರ ಬಾಳಿಕೆ ಅಥವಾ ಬಾಡಿಗೆಯ ಅವಧಿ, ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ವರ್ಷಕ್ಕೆ ಹಂಚಬೇಕು. 3,00,000 ದಿರ್ಹಮ್ ಒಳಾಂಗಣ, ಹತ್ತು ವರ್ಷ ಬಾಳುವಂಥದ್ದು, ಬಾಡಿಗೆ ಕರಾರು 3 ವರ್ಷ ಎಂದಿಟ್ಟುಕೊಳ್ಳಿ. ಕರಾರು ಮುಂದುವರಿಯುವುದು ಖಚಿತವಿಲ್ಲದಿದ್ದರೆ ವರ್ಷಕ್ಕೆ 1,00,000 ಕಳೆಯಬಹುದು. ನವೀಕರಣ ಬಹುಮಟ್ಟಿಗೆ ಖಚಿತವಾದರೆ ಆ ವರ್ಷಗಳನ್ನೂ ಸೇರಿಸಬೇಕು. ತವ್ತೀಕ್ ಎಂಬ ಅಬುಧಾಬಿಯ ಬಾಡಿಗೆ ನೋಂದಣಿಯ ಕರಾರು ವರ್ಷದ್ದೇ ಆಗಿದ್ದರೂ ಅದೇ ಮಳಿಗೆಯಲ್ಲಿ ಹನ್ನೆರಡು ವರ್ಷದಿಂದ ಇರುವವರು "ನನ್ನದು ಒಂದೇ ವರ್ಷದ ಬಾಡಿಗೆ" ಎನ್ನುವುದು ಒಪ್ಪುವ ಮಾತಲ್ಲ.

ಜಾಗ ಬಿಟ್ಟು ಹೊರಟಾಗ ಒಯ್ಯಲಾಗದೆ ಉಳಿದ ಒಳಾಂಗಣದ ಪುಸ್ತಕ ಬೆಲೆಯನ್ನು ಆ ವರ್ಷವೇ ನಷ್ಟವೆಂದು ಬರೆಯಿರಿ. ಕಳಚಿ ಒಯ್ಯುವ ಫ್ರಿಜ್ಜು, ಒಲೆಗಳನ್ನು ಮೊದಲಿನಿಂದಲೂ ಬೇರೆ ಸಾಲಿನಲ್ಲಿಟ್ಟಿದ್ದರೆ ಮಾತ್ರ ಈ ಲೆಕ್ಕ ಹಗುರ. ಇಡೀ ಮೊತ್ತವನ್ನು ಗುತ್ತಿಗೆದಾರರ ಒಂದೇ ಬಿಲ್ಲಿನಲ್ಲಿ "ಒಳಾಂಗಣ ಕೆಲಸ" ಎಂದು ಬರೆಸಿಕೊಂಡವರಿಗೆ ಇದನ್ನು ಬಿಡಿಸುವುದು ಬಹಳ ಕಷ್ಟ. ಕೆಲಸ ಶುರುವಾಗುವ ಮುನ್ನವೇ ಬಿಲ್ಲನ್ನು ಬಿಡಿಬಿಡಿಯಾಗಿ ಕೇಳಿ.

7. ಬಾಡಿಗೆಗೆಂದೇ ಇಟ್ಟ ಆಸ್ತಿಗೆ ವರ್ಷಕ್ಕೆ 4%

ಕಂಪನಿಯ ಹೆಸರಲ್ಲಿ ಫ್ಲ್ಯಾಟು ಅಥವಾ ಕಟ್ಟಡ ಹೂಡಿಕೆಗೆಂದು ಇದ್ದು, ಅದನ್ನು ಮಾರುಕಟ್ಟೆ ಬೆಲೆಯಲ್ಲಿ ಪುಸ್ತಕದಲ್ಲಿಟ್ಟರೆ ಅದಕ್ಕೆ ಲೆಕ್ಕಪತ್ರದಲ್ಲಿ ಸವಕಳಿಯೇ ಇರುವುದಿಲ್ಲ. ಕೊಂಡ ಬೆಲೆಯಲ್ಲಿ ಇಟ್ಟವರಿಗೆ ಕಡಿತ ಸಿಗುತ್ತಿತ್ತು, ಇವರಿಗೆ ಇಲ್ಲ. ಈ ಅಸಮತೋಲನ ಸರಿಪಡಿಸಲು ಹಣಕಾಸು ಸಚಿವಾಲಯ 2025ರಲ್ಲಿ 173ನೇ ಆದೇಶ ತಂದಿತು. 1 ಜನವರಿ 2025 ಅಥವಾ ಆಮೇಲೆ ಶುರುವಾದ ತೆರಿಗೆ ಅವಧಿಗೆ, ಲಾಭ ಕೈಗೆ ಬಂದಾಗಲೇ ತೆರಿಗೆ ಎಂಬ ಪದ್ಧತಿಯನ್ನು ಆಯ್ದವರು, ಮೂಲ ಬೆಲೆಯ 4% ಅಥವಾ ತೆರಿಗೆ ಲೆಕ್ಕದಲ್ಲಿ ಉಳಿದ ಬೆಲೆ, ಇವೆರಡರಲ್ಲಿ ಕಡಿಮೆಯದನ್ನು ವರ್ಷಕ್ಕೆ ಕಳೆಯಬಹುದು. 20 ಲಕ್ಷ ದಿರ್ಹಮ್ ಮೂಲ ಬೆಲೆಯ ಕಟ್ಟಡಕ್ಕೆ 80,000 ಕಡಿತ, ಉಳಿಯುವ ತೆರಿಗೆ 7,200. ಈ ಆಯ್ಕೆ ಒಮ್ಮೆ ಮಾಡಿದರೆ ಹಿಂದೆ ಸರಿಯುವಂತಿಲ್ಲ.

ಸಣ್ಣ ಕಂಪನಿಗಳಿಗೆ ಒಂದು ಕಿವಿಮಾತು. ಚಿಕ್ಕ ಉದ್ದಿಮೆಗಳ ಮಾನದಂಡ, ಹೆಚ್ಚಿನ ಖರ್ಚು ಶ್ರಮವಿಲ್ಲದೆ ಬೆಲೆ ಗೊತ್ತಾಗುವಂತಿದ್ದರೆ, ಹೂಡಿಕೆ ಆಸ್ತಿಯನ್ನು ಮಾರುಕಟ್ಟೆ ಬೆಲೆಯಲ್ಲೇ ಇಡಲು ಹೇಳುತ್ತದೆ. ಅಂದರೆ ನಿಮಗೆ ಗೊತ್ತಿಲ್ಲದೆಯೇ ನೀವು ಈ ಆದೇಶದ ವ್ಯಾಪ್ತಿಯಲ್ಲಿರಬಹುದು. ಲೆಕ್ಕಿಗರನ್ನು ಇದೊಂದು ಪ್ರಶ್ನೆ ತಪ್ಪದೆ ಕೇಳಿ.

8. ಸಣ್ಣ ಉದ್ದಿಮೆ ರಿಯಾಯಿತಿಗೆ ಕಣ್ಣುಮುಚ್ಚಿ ಟಿಕ್ ಹಾಕಬೇಡಿ

ವಹಿವಾಟು 30 ಲಕ್ಷ ದಿರ್ಹಮ್ ಮೀರದ ಉದ್ದಿಮೆ ರಿಯಾಯಿತಿ ಆಯ್ದರೆ ಆ ವರ್ಷ ತೆರಿಗೆಯೋಗ್ಯ ಲಾಭವೇ ಇಲ್ಲವೆಂದು ಭಾವಿಸುತ್ತಾರೆ. ಬಹುಪಾಲು ಜನರಿಗೆ ಇದು ದೊಡ್ಡ ನೆಮ್ಮದಿ. ಆದರೆ ಆ ವರ್ಷದ ನಷ್ಟವನ್ನು ಮುಂದಕ್ಕೆ ಒಯ್ಯುವಂತಿಲ್ಲ.

ಹೊಸ ಹೋಟೆಲು ತೆರೆದ ವರ್ಷವನ್ನೇ ನೋಡಿ. ಒಳಾಂಗಣ, ಒಲೆ, ಫ್ರಿಜ್ಜುಗಳ ಸವಕಳಿ ಸೇರಿ 2 ಲಕ್ಷ ನಷ್ಟ ಎಂದುಕೊಳ್ಳಿ. ರಿಯಾಯಿತಿ ಆಯ್ದರೂ ತೆರಿಗೆ ಸೊನ್ನೆ, ಆಯದಿದ್ದರೂ ಸೊನ್ನೆ. ಆಯದಿದ್ದರೆ ಆ 2 ಲಕ್ಷ ಮುಂದಿನ ಲಾಭದ ವರ್ಷಕ್ಕೆ ಉಳಿಯುತ್ತದೆ. ಆಗ ತೆರಿಗೆಯೋಗ್ಯ ಲಾಭದ 75% ತನಕ ಹಳೆಯ ನಷ್ಟವನ್ನು ಕಳೆಯಬಹುದು. ರಿಯಾಯಿತಿಗೆ ಟಿಕ್ ಹಾಕಿದರೆ ಆ ಅನುಕೂಲ ಅಲ್ಲಿಗೇ ಹೋಗುತ್ತದೆ.

31 ಡಿಸೆಂಬರ್ 2026ರೊಳಗೆ ಮುಗಿಯುವ ಅವಧಿಗಳಿಗೆ ಮಾತ್ರ ಈ ರಿಯಾಯಿತಿ ಎಂದು ಅದರ ಆದೇಶದಲ್ಲಿದೆ. ರಿಯಾಯಿತಿಯ ವರ್ಷಗಳಲ್ಲೂ ಪುಸ್ತಕದಲ್ಲಿ ಸವಕಳಿ ನಡೆಯುತ್ತಲೇ ಇರಲಿ. ಕೂಡಿಟ್ಟು ಆಮೇಲೆ ಒಟ್ಟಿಗೆ ಕಳೆಯಲು ಬರುವುದಿಲ್ಲ.

9. ಹಳೆಯ ಸ್ವತ್ತಿಗೂ ಜೀವವಿದೆ

ತೆರಿಗೆಗೆ ಮುಂಚೆ ಕೊಂಡದ್ದು ವ್ಯರ್ಥ ಎಂದು ಕುಂದಾಪುರದ ಹಿರಿಯರು ಕೈಚೆಲ್ಲಿದ್ದರು. ಹಾಗಲ್ಲ. 2018ರ ಜನವರಿಯಲ್ಲಿ 1,00,000 ಕೊಟ್ಟು ತಂದ ಲಿಫ್ಟಿಗೆ 10 ವರ್ಷ ಆಯುಷ್ಯ ಎಂದರೆ 2023ರ ಕೊನೆಗೆ ಆರು ವರ್ಷ ಕಳೆದು 40,000 ಉಳಿಯಿತು. ಮೊದಲ ತೆರಿಗೆ ವರ್ಷ 2024 ಆದರೆ ಆ 40,000 ಮುಂದಿನ ನಾಲ್ಕು ವರ್ಷ ಕಳೆಯಲು ಬರುತ್ತದೆ. ಬಿಲ್ಲು ಮಾಸಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟು, ಮಾರಿದವರ ಬಳಿಯ ನಕಲು, ಕಸ್ಟಮ್ಸ್ ಕಾಗದ ಹುಡುಕಿ. ಆ ಹಿರಿಯರ ಲಿಫ್ಟಿನ ಲೆಕ್ಕ ಕೊನೆಗೆ ಸಿಕ್ಕಿದ್ದು ಹಳೆಯ ಚೆಕ್‌ಬುಕ್ಕಿನ ಅಡಿಚೀಟಿ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ.

ಮೊದಲೇ ಇದ್ದ ಸ್ಥಿರಾಸ್ತಿಗೆ ಇನ್ನೊಂದು ಅನುಕೂಲವಿದೆ. ಕೊಂಡ ಬೆಲೆಯಲ್ಲಿ ಪುಸ್ತಕದಲ್ಲಿಟ್ಟ ಆಸ್ತಿಯನ್ನು ಮುಂದೆ ಮಾರಿದಾಗ, ತೆರಿಗೆಗೆ ಮುಂಚೆ ಏರಿದ ಬೆಲೆಯ ಪಾಲನ್ನು ಹೊರಗಿಡಲು ಕೇಳಬಹುದು. ಆದರೆ ಆ ಆಯ್ಕೆಯನ್ನು ಮೊದಲ ರಿಟರ್ನಿನಲ್ಲೇ ಮಾಡಬೇಕು.

10. ಕಾರು ಯಾರ ಹೆಸರಲ್ಲಿದೆ?

ವ್ಯಾಪಾರಕ್ಕೆ ಬಳಸಿದಷ್ಟಕ್ಕೆ ಮಾತ್ರ ಕಡಿತ. ಮುಲ್ಕಿಯಾ (ಗಾಡಿಯ ನೋಂದಣಿ ಪತ್ರ) ಮಾಲೀಕರ ಹೆಸರಲ್ಲಿ, ಬಿಲ್ಲು ಭಾವನ ಹೆಸರಲ್ಲಿ, ಕಂತು ಕಂಪನಿಯ ಖಾತೆಯಿಂದ: ಇಂಥ ಕಾರಿಗೆ ಸವಕಳಿ ಕಳೆಯುವುದು ಜಗಳಕ್ಕೆ ದಾರಿ. ಮನೆಗೂ ಅಂಗಡಿಗೂ ಓಡುವ ಗಾಡಿಯಾದರೆ ಕಿಲೋಮೀಟರು ಬರೆದಿಡಿ, ಅದೇ ಪ್ರಮಾಣದಲ್ಲಿ ಹಂಚಿ.

11. ಊರಿನ ಲೆಕ್ಕ ಊರಿನ ನಿಯಮದಲ್ಲಿ

ಇಲ್ಲಿನ ನಮ್ಮವರಲ್ಲಿ ಅನೇಕರಿಗೆ ಊರಲ್ಲೂ ಒಂದು ಆಸ್ತಿಯಿದೆ. ಮಂಗಳೂರಿನ ಫ್ಲ್ಯಾಟು, ಉಡುಪಿಯ ಮಳಿಗೆ, ಹುಬ್ಬಳ್ಳಿಯ ಗೋದಾಮು. ಭಾರತದ ಸ್ಥಿರಾಸ್ತಿಯ ಆದಾಯಕ್ಕೆ ಅಲ್ಲಿ ತೆರಿಗೆ ಬೀಳುತ್ತದೆ, ಎರಡು ದೇಶಗಳ ಒಪ್ಪಂದವೂ ಆ ಹಕ್ಕನ್ನು ಭಾರತಕ್ಕೆ ಬಿಟ್ಟಿದೆ.

ಮನೆ ಅಥವಾ ಮಳಿಗೆಯನ್ನು ಸುಮ್ಮನೆ ಬಾಡಿಗೆಗೆ ಕೊಟ್ಟಿದ್ದರೆ ಸವಕಳಿ ಇಲ್ಲ. ಪುರಸಭೆಯ ತೆರಿಗೆ ಕಳೆದ ಮೇಲೆ ಉಳಿದದ್ದರಲ್ಲಿ 30% ನೇರ ಕಡಿತ ಸಿಗುತ್ತದೆ, ರಿಪೇರಿ ಮಾಡಿಸಿದರೂ ಅಷ್ಟೇ, ಮಾಡಿಸದಿದ್ದರೂ ಅಷ್ಟೇ. ಅದೇ ಕಟ್ಟಡದಲ್ಲಿ ನಿಮ್ಮದೇ ಕ್ಲಿನಿಕ್ ಅಥವಾ ಅಂಗಡಿ ನಡೆದರೆ ಸವಕಳಿ ಬರುತ್ತದೆ. 1961ರ ಕಾಯ್ದೆಯಡಿ ನಾವೆಲ್ಲ ಬಾಯಿಪಾಠ ಮಾಡಿದ ದರಗಳು ಇವು: ವಾಸದ ಕಟ್ಟಡ 5%, ಇತರ ಕಟ್ಟಡ 10%, ಪೀಠೋಪಕರಣ 10%, ಯಂತ್ರ ಮತ್ತು ಕಾರು 15%, ಬಾಡಿಗೆಗೆ ಓಡಿಸುವ ಬಸ್ಸು ಲಾರಿ 30%, ಕಂಪ್ಯೂಟರ್ 40%, ಪೇಟೆಂಟ್‌ನಂಥ ಅಮೂರ್ತ ಸ್ವತ್ತು 25%. ಅಮೂರ್ತದಲ್ಲಿ ಗುಡ್‌ವಿಲ್ ಮಾತ್ರ 2021ರ ಹಣಕಾಸು ಕಾಯ್ದೆಯಿಂದ ಹೊರಬಿತ್ತು. 1 ಏಪ್ರಿಲ್ 2026ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ. ಒಂದೇ ಬಗೆಯ, ಒಂದೇ ದರದ ಸ್ವತ್ತುಗಳನ್ನು ಗುಂಪಾಗಿ ನೋಡುವ ಪದ್ಧತಿ ಅಲ್ಲೂ ಮುಂದುವರಿದಿದೆ.

ಅಲ್ಲಿ ದರ ಉಳಿದ ಬೆಲೆಯ ಮೇಲೆ. 10 ಲಕ್ಷ ರೂಪಾಯಿಯ ಯಂತ್ರಕ್ಕೆ ಮೊದಲ ವರ್ಷ 1,50,000, ಎರಡನೆಯದು 1,27,500, ಮೂರನೆಯದು 1,08,375. ಕೊಂಡ ವರ್ಷ 180 ದಿನಕ್ಕಿಂತ ಕಡಿಮೆ ಬಳಸಿದರೆ ಮೊದಲ ವರ್ಷದ್ದು ಅರ್ಧ, 75,000. ಆದ್ದರಿಂದ ಅಕ್ಟೋಬರ್ ಮೊದಲ ವಾರದ ಸುಮಾರಿಗೆ ಕೊಳ್ಳುವವರು ದಿನ ಎಣಿಸಬೇಕು. ಇನ್ನು ಮೂರು ಮಾತು. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆ ಮೊತ್ತ ಸ್ವತ್ತಿನ ಬೆಲೆಗೆ ಸೇರುವುದೇ ಇಲ್ಲ. ಸವಕಳಿ ಅಲ್ಲಿ ಕಡ್ಡಾಯ. ನೀವು ಕಳೆಯದಿದ್ದರೂ ಕಳೆದಂತೆಯೇ ಲೆಕ್ಕ. ಗುಂಪಿನ ಕೊನೆಯ ಸ್ವತ್ತನ್ನು ಉಳಿದ ಬೆಲೆಗಿಂತ ಹೆಚ್ಚಿಗೆ ಮಾರಿದರೆ, ಇಪ್ಪತ್ತು ವರ್ಷ ಇಟ್ಟುಕೊಂಡಿದ್ದರೂ ಆ ಹೆಚ್ಚುವರಿ ಅಲ್ಪಾವಧಿ ಲಾಭವೇ.

ಅಮೆರಿಕದಲ್ಲಿರುವ ನಿಮ್ಮ ಮಗಳೋ ತಮ್ಮನೋ ಕೇಳಿದರೆ ಅವರ ಲೆಕ್ಕವೇ ಬೇರೆ ಎಂದು ಹೇಳಿ. ಅಲ್ಲಿ ಬಾಡಿಗೆ ಮನೆಗೆ 27.5 ವರ್ಷ, ವಾಣಿಜ್ಯ ಕಟ್ಟಡಕ್ಕೆ 39, ಕಾರು ಕಂಪ್ಯೂಟರಿಗೆ 5, ಕಚೇರಿ ಪೀಠೋಪಕರಣಕ್ಕೆ 7. ಮೈಸೂರಿನ ಮನೆಯನ್ನು 2018ರಿಂದೀಚೆಗೆ ಬಾಡಿಗೆಗೆ ಕೊಟ್ಟ ಅಮೆರಿಕದ ತೆರಿಗೆದಾರರು ಅದನ್ನು ಅಲ್ಲಿನ ರಿಟರ್ನಿನಲ್ಲಿ 30 ವರ್ಷಕ್ಕೆ ಹಂಚಬೇಕು. ಒಂದು ದೇಶದ ದರವನ್ನು ಇನ್ನೊಂದು ದೇಶದ ಪುಸ್ತಕಕ್ಕೆ ತಂದು ಅಂಟಿಸಿದ ರಿಟರ್ನುಗಳನ್ನು ತಿದ್ದಲು ನಾನು ರಾತ್ರಿಗಳನ್ನು ಕಳೆದಿದ್ದೇನೆ.

12. ವರ್ಷಕ್ಕೊಂದು ದಿನ ಸ್ವತ್ತುಗಳ ಮುಂದೆ ನಿಲ್ಲಿ

ಇಲ್ಲಿ ಎಮಿರೇಟ್ಸ್‌ನಲ್ಲಿ ತೆರಿಗೆ ಅವಧಿ ಮುಗಿದ 9 ತಿಂಗಳೊಳಗೆ ರಿಟರ್ನು ಸಲ್ಲಿಸಿ ತೆರಿಗೆ ಕಟ್ಟಬೇಕು. ಡಿಸೆಂಬರ್ 31ಕ್ಕೆ ವರ್ಷ ಮುಗಿದರೆ ಸೆಪ್ಟೆಂಬರ್ 30. ಅದಕ್ಕೂ ಬಹಳ ಮೊದಲೇ, ವರ್ಷ ಮುಗಿದ ವಾರ, ರಿಜಿಸ್ಟರು ಹಿಡಿದು ಶೆಡ್ಡಿನಲ್ಲಿ ಒಂದು ಸುತ್ತು ಬನ್ನಿ. ಕೆಟ್ಟು ಮೂಲೆ ಸೇರಿದ್ದು, ಮಾರಿದ್ದು, ಕಳುವಾದದ್ದು ಯಾವುದು? ಅಂದುಕೊಂಡದ್ದಕ್ಕಿಂತ ಬೇಗ ಸವೆಯುತ್ತಿರುವುದು ಯಾವುದು? ಆಯುಷ್ಯದ ಅಂದಾಜು ಬದಲಾದರೆ ಉಳಿದ ಬೆಲೆಯನ್ನು ಉಳಿದ ವರ್ಷಗಳಿಗೆ ಹೊಸದಾಗಿ ಹಂಚಿ. ಹಿಂದಿನ ವರ್ಷ ತಿದ್ದಬೇಕಾಗಿಲ್ಲ. ಎಣ್ಣೆ, ಬೆಲ್ಟು ಬದಲಿಸಿದ್ದು ಆ ವರ್ಷದ ರಿಪೇರಿ ಖರ್ಚು. ಇಡೀ ಎಂಜಿನ್ ಬದಲಿಸಿ ಇನ್ನೂ ನಾಲ್ಕು ವರ್ಷ ಓಡುವಂತೆ ಮಾಡಿದ್ದು ಹೊಸ ಸ್ವತ್ತಿನ ಸಾಲು. 50 ಲಕ್ಷ ದಿರ್ಹಮ್ ಅಥವಾ ಹೆಚ್ಚು ಬೆಲೆಯ ಒಂದೇ ಸ್ವತ್ತಿದ್ದರೆ ವ್ಯಾಟ್‌ನಲ್ಲೂ ಪ್ರತ್ಯೇಕ ಲೆಕ್ಕ ಉಂಟು: ಕಟ್ಟಡಕ್ಕೆ 10 ವರ್ಷ, ಇತರವಕ್ಕೆ 5.

ಕುಂದಾಪುರದ ಹಿರಿಯರು ಕಳೆದ ಸಲ ಸಿಕ್ಕಾಗ ಅದೇ ಚಹಾದಂಗಡಿಯಲ್ಲಿ ಉದ್ದ ನೋಟ್‌ಬುಕ್ಕೊಂದನ್ನು ಬಿಚ್ಚಿದರು. ನಾನು ಹೇಳಿಕೊಟ್ಟ ಅಂಕಣಗಳ ಪಕ್ಕದಲ್ಲಿ ತಾವೇ ಒಂದು ಗೆರೆ ಎಳೆದು ಮೇಲೆ "ಕಾರಣ" ಎಂದು ಬರೆದಿದ್ದರು. ಟೈರು ಬಿಚ್ಚುವ ಯಂತ್ರದ ಸಾಲಿನಲ್ಲಿ ಆಯುಷ್ಯ 6 ವರ್ಷ ಎಂದಿತ್ತು. ಕಾರಣದ ಕೆಳಗೆ, ದುಂಡು ಕನ್ನಡ ಅಕ್ಷರದಲ್ಲಿ: "ಹಳೇದು ಧೂಳಿಗೆ ಐದೂವರೆ ವರ್ಷದಲ್ಲಿ ಹೋಯ್ತು. ಗುಜರಿ ಚೀಟಿ ಹಿಂದಿನ ಪುಟದಲ್ಲಿ ಅಂಟಿಸಿದೆ."